ಕಬ್ಬಿಣದ ಕಾಡಿನಲ್ಲಿ ಬೆಂಡೋ ರೀಲೋ

ಹ್ಯೂಸ್ಟನ್‌ನಿಂದ ಆರು ತಾಸು ಕಾರು ಓಡಿಸಿದರೆ ಲೂಯಿಸಿಯಾನದ ಪೋರ್ಟ್ ಫೂಶಾನ್ ಧಕ್ಕೆ. ಅಲ್ಲಿ ದೋಣಿ ಹತ್ತಿ ಮೆಕ್ಸಿಕೊ ಕೊಲ್ಲಿಗೆ ಇಳಿದರೆ ತೈಲ ತೆಗೆಯುವ ಕಟ್ಟೆಗಳು ಒಂದೊಂದಾಗಿ ಕಾಣಿಸುತ್ತವೆ. ನಾವು ರಿಗ್ ಅನ್ನುತ್ತೇವೆ. ದಡ ಕಾಣದಷ್ಟು ದೂರದಲ್ಲಿ ಮೊದಲ ಬಾವಿ ಕೊರೆದದ್ದು 1947ರಲ್ಲಿ, ಇದೇ ಕರಾವಳಿಯಾಚೆ. ಕೆಸರು ತಳದ ಈ ಕಡಲಲ್ಲಿ ಕಲ್ಲುಬಂಡೆ ಅಪರೂಪ. ಹಾಗಾಗಿ ಕಬ್ಬಿಣದ ಕಾಲುಗಳೇ ಬಂಡೆ, ಅವುಗಳ ಸುತ್ತಲೇ ಮೀನಿನ ಸಂತೆ. ಮಲ್ಪೆ ಕಡೆಯವನಾದ ನಾನು ವಾರವಿಡೀ ಪೈಪ್‌ಲೈನಿನ ಲೆಕ್ಕ ಬರೆಯುತ್ತೇನೆ, ರಜೆಯಲ್ಲಿ ಉಸಿರು ಕಟ್ಟಿ ಮುಳುಗಿ ಈಟಿಯಲ್ಲಿ ಮೀನು ಹೊಡೆಯುತ್ತೇನೆ. ಹನ್ನೊಂದು ವರ್ಷದಲ್ಲಿ ಈಟಿ ಚಿಮ್ಮಿಸುವ ಎರಡು ಗನ್ನು, ಒಂದು ಬೆಂಡು, ಎಣಿಸದಷ್ಟು ಈಟಿ ಕಡಲಿಗೆ ಕೊಟ್ಟು ಕಲಿತದ್ದು ಇಷ್ಟು.

ಗೊತ್ತಿಲ್ಲದವರಿಗೆ ಒಂದು ಮಾತು. ಈಟಿ ತಗುಲಿದ ಮೀನು ಓಡುವಾಗ ಹಿಡಿದಿಡಲು ದಾರಿ ಎರಡು: ಗನ್ನಿನ ಹಿಡಿಯಿಂದ ಉದ್ದನೆಯ ಹಗ್ಗ, ಅದರ ತುದಿಗೆ ಮೇಲೆ ತೇಲುವ ಬೆಂಡು, ಇಲ್ಲವೇ ಗನ್ನಿಗೇ ಕಟ್ಟಿದ ರೀಲ್.

1. ಮೀನು ನೋಡಿ ಆರಿಸಬೇಡಿ, ನೀರು ನೋಡಿ ಆರಿಸಿ.

ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ದೊಡ್ಡ ಮೀನು ಹೊಡೀತೀರಿ?" ಕೇಳಬೇಕಾದದ್ದು ಅದಲ್ಲ. ಮಿಸಿಸಿಪ್ಪಿ ನದಿಯ ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಕಂದು ಚಾದರದ ಹಾಗೆ ಹರಡಿಕೊಳ್ಳುತ್ತದೆ. ಆ ಹದಿನೈದು ಇಪ್ಪತ್ತು ಅಡಿ ದಾಟುವವರೆಗೆ ಚಾಚಿದ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ದಾಟಿದರೆ ಕೆಳಗೆ ನೀಲಿ ಅರಮನೆ. ಕೆಳಗಿನವನಿಗೆ ಎಲ್ಲ ಚಂದ, ಮೇಲೆ ಕಾಯುವವನಿಗೆ ಮಾತ್ರ ಏನೂ ಕಾಣದು. ಅಂಥ ದಿನ ನೀವು ಎಲ್ಲಿದ್ದೀರಿ ಎಂದು ಹೇಳುವ ಒಂದೇ ವಸ್ತು ಬೆಂಡಿನ ಹಗ್ಗ. ನೀರು ತಿಳಿಯಾಗಿದ್ದರೆ ಮಾತ್ರ ರೀಲ್.

2. ಹಗ್ಗ ಯಾವ ಕಡೆ ಒಲಿಯುತ್ತದೆ ಎಂದು ನೀರಿಗಿಳಿಯುವ ಮೊದಲೇ ನೋಡಿ.

ಎಂಟು ಕಾಲಿನ ರಿಗ್ ಅಂದರೆ ಎಂಟು ಕಂಬ ಮಾತ್ರವಲ್ಲ. ಕಂಬದಿಂದ ಕಂಬಕ್ಕೆ ಓರೆ ಕೊಳವೆ, ಅಡ್ಡ ಕೊಳವೆ. ಮೈಯೆಲ್ಲ ಬಾರ್ನಕಲ್ ಎಂಬ ಸುಣ್ಣದ ಚಿಪ್ಪು, ಪ್ರತಿ ಚಿಪ್ಪಿನ ಅಂಚೂ ಬ್ಲೇಡು. ನಾಲ್ಕನೇ ವರ್ಷ ಇರಬೇಕು. ಸೆಳೆತ ನನ್ನ ಬೆನ್ನಿನಿಂದ ರಿಗ್ಗಿನ ಕಡೆಗಿತ್ತು, ಅದನ್ನು ಗಮನಿಸದೆ ಇಳಿದಿದ್ದೆ. ಐವತ್ತು ಅಡಿಯಲ್ಲಿ ಒಂದು ಆಂಬರ್‌ಜಾಕ್ ಮುಖಕ್ಕೆ ಮುಖ ಕೊಟ್ಟು ಬಂತು. ಕುತೂಹಲದ ಮೀನು ಅದು, ತಾನಾಗಿಯೇ ನೋಡಲು ಬರುತ್ತದೆ. ಹೊಡೆದೆ. ಗನ್ ಬಿಟ್ಟು ಮೇಲೆ ಬಂದು ಬೆಂಡು ಹುಡುಕಿದರೆ ಬೆಂಡೇ ಇಲ್ಲ! ಮುಖ ಮುಳುಗಿಸಿ ನೋಡಿದೆ. ನನ್ನ ಕಿತ್ತಳೆ ಬೆಂಡು ಮೂವತ್ತು ಅಡಿ ಕೆಳಗೆ ಓರೆ ಕೊಳವೆಗೆ ಕಚ್ಚಿಕೊಂಡು ನಡುಗುತ್ತಿತ್ತು. ಹಗ್ಗ ಎರಡು ಸುತ್ತು ಬಿದ್ದಿತ್ತು. ಆಚೆ ತುದಿಯಲ್ಲಿ ಮೀನು ಜಗ್ಗಿದಾಗಲೆಲ್ಲ ಕೊಳವೆಯಿಂದ ಬಿಳಿ ಪುಡಿ ಉದುರುತ್ತಿತ್ತು. ನಾನು ಚೂರಿ ತೆಗೆಯುವ ಮೊದಲೇ ಹಗ್ಗ ತಾನಾಗಿ ಕಡಿಯಿತು. ಬೆಂಡು ಬಾಣದ ಹಾಗೆ ಮೇಲೆ ಚಿಮ್ಮಿತು. ಗನ್ನೂ ಮೀನೂ ಕತ್ತಲೆಗೆ ಹೋದವು.

ಅಂದಿನಿಂದ ಬೆಂಡು ಕಟ್ಟಿದ ದಿನ ರಿಗ್ಗಿನಿಂದ ಸೆಳೆತ ಹೊರಗೆ ಹೋಗುವ ಬದಿಯಲ್ಲೇ ಇಳಿಯುತ್ತೇನೆ. ಹಗ್ಗ ತಾನಾಗಿ ಬಯಲಿಗೆ ಒಲಿಯುತ್ತದೆ.

3. ರಿಗ್ಗಿನ ಒಳಗೆ ಹೊಕ್ಕರೆ ರೀಲ್. ಅಲ್ಲಿ ಬೇರೆ ಮಾತಿಲ್ಲ.

ಕಾಲುಗಳ ನಡುವೆ ಹಗ್ಗ ಎಳೆದುಕೊಂಡು ಹೋಗುವವನು ಸೂಜಿಗೆ ದಾರ ಪೋಣಿಸುತ್ತಿದ್ದಾನೆ ಅಷ್ಟೆ. ರೀಲಿನಲ್ಲಿ ಐವತ್ತು ಮೀಟರ್ ಡೈನೀಮಾ ದಾರ ಸಾಕು. ಬ್ರೇಕ್ ಬಿಗಿಯಾಗಿರಲಿ. ಬಯಲಲ್ಲಿ ಮೀನಿಗೆ ದಾರ ಕೊಟ್ಟು ದಣಿಸಬಹುದು. ಇಲ್ಲಿ ಕೊಟ್ಟ ಪ್ರತಿ ಮೀಟರೂ ಕಂಬಕ್ಕೆ ಇನ್ನೊಂದು ಸುತ್ತು.

ರೀಲಿನ ನಿಜವಾದ ಅಪಾಯ ದಾರದಲ್ಲಿಲ್ಲ, ಮನಸ್ಸಿನಲ್ಲಿದೆ. ಬೆಂಡು ಇದ್ದರೆ ಗನ್ ಬಿಟ್ಟು ಬರುವುದು ಸುಲಭ, ಆಮೇಲೆ ಸಿಗುತ್ತದೆ. ರೀಲ್ ಗನ್ ಬಿಟ್ಟರೆ ಹೋಯಿತು. ಆರುನೂರು ಡಾಲರ್ ಕೊಟ್ಟ ವಸ್ತು ನೋಡಿ, ಬೆರಳು ಬಿಡುವುದಿಲ್ಲ. ಎದೆ ಹಾರತೊಡಗಿದ ಮೇಲೂ ಇನ್ನೊಂದು ಸಲ ಜಗ್ಗೋಣ ಅನ್ನಿಸುತ್ತದೆ. ಉಸಿರು ಕಟ್ಟಿ ಮುಳುಗುವವರಿಗೆ ಮೂರ್ಛೆ ಬರುವುದು ಹೆಚ್ಚಾಗಿ ಮೇಲೇರುವಾಗಿನ ಕೊನೆಯ ಹತ್ತು ಮೀಟರಿನಲ್ಲಿ. ಆ ಇನ್ನೊಂದು ಜಗ್ಗಿನ ಲೆಕ್ಕ ಚುಕ್ತಾ ಆಗುವುದು ಅಲ್ಲಿ.

4. ಕೈಗೆ ದಾರ ಸುತ್ತಬೇಡಿ.

ನಮ್ಮ ಮಾವ ಗಾಳದ ದಾರ ಕೊಡುವಾಗ ಹೇಳುತ್ತಿದ್ದದ್ದೂ ಇದೇ: "ಸುತ್ತಬೇಡ ಮಾರಾಯ, ಹಿಡಿ, ಬೇಕಾದಾಗ ಬಿಡು." ಅವರ ತೋರುಬೆರಳಿನ ಬುಡದಲ್ಲಿ ಉಂಗುರದ ಹಾಗೆ ಒಂದು ಬಿಳಿ ಗಾಯದ ಗುರುತಿತ್ತು. ಡೈನೀಮಾ ಆ ಹಳೆಯ ನೈಲಾನಿಗಿಂತ ಸಪೂರ, ಹಾಗಾಗಿ ಇನ್ನೂ ಆಳಕ್ಕೆ ಕೊಯ್ಯುತ್ತದೆ. ಸಡಿಲವಾದ ದಾರ ಕಾಲಿನ ರೆಕ್ಕೆಗೆ, ಸ್ನಾರ್ಕೆಲಿಗೆ ಸುತ್ತಿಕೊಳ್ಳುವುದೂ ಉಂಟು. ಚೂರಿ ಎರಡಿರಲಿ, ಯಾವ ಕೈಗಾದರೂ ಒಂದು ಸಿಗುವಂತೆ.

5. ಬೆನ್ನು ಕಬ್ಬಿಣಕ್ಕೆ, ಮುಖ ಬಯಲಿಗೆ.

ಪೆಟ್ಟು ಬಿದ್ದ ಮೀನು ಮೊದಲು ನಿಮ್ಮಿಂದ ದೂರ ಓಡುತ್ತದೆ. ನೀವು ಕಂಬದ ಪಕ್ಕ ಇದ್ದು ಹೊರಗಿನ ಮೀನಿಗೆ ಹೊಡೆದರೆ ಅದು ಬಯಲಿಗೆ ಓಡುತ್ತದೆ. ಮರಳಿ ರಿಗ್ಗಿಗೆ ತಿರುಗುವ ಮೊದಲು ನಾಲ್ಕೈದು ಸೆಕೆಂಡು ನಿಮ್ಮದು. ರೀಲ್ ಆಗಲಿ ಬೆಂಡಾಗಲಿ, ಇದೊಂದನ್ನು ಪಾಲಿಸಿದರೆ ಅರ್ಧ ಜಗಳ ಮುಗಿಯಿತು.

6. ಓಡುವ ಮೀನಿಗೆ ಹಿಗ್ಗುವ ಹಗ್ಗ.

ಇಲ್ಲಿಯ ಕಿಂಗ್ ಮ್ಯಾಕರೆಲ್ ನಮ್ಮ ಅಂಜಲಿನ ಖಾಸಾ ದಾಯಾದಿ. ವಾಹೂ ಇನ್ನೂ ವೇಗಿ. ಇವು ಕಂಬಕ್ಕೆ ಸುತ್ತುವುದಿಲ್ಲ, ನೇರ ಓಡುತ್ತವೆ. ಮಾಂಸ ಮೆತ್ತಗೆ, ಬಿಗಿ ಹಗ್ಗ ಜಗ್ಗಿದರೆ ಈಟಿ ಹರಿದುಕೊಂಡು ಬರುತ್ತದೆ. ಬೆಂಡಿಗೂ ಗನ್ನಿಗೂ ನಡುವೆ ರಬ್ಬರಿನ ಬಂಜಿ ಸೇರಿಸಿ.

7. ಈಗ ನಾನು ಮಾಡುವುದು.

ಗನ್ನಿನಲ್ಲಿ ರೀಲ್. ಬೆಂಡು, ಬಾವುಟ ಮತ್ತು ಹತ್ತು ಮೀಟರ್ ಹಗ್ಗ ಮೇಲೆ ಕಾಯುವ ಜೊತೆಗಾರನ ಕೈಯಲ್ಲಿ, ಹಗ್ಗದ ತುದಿಗೆ ಕೊಕ್ಕೆ. ಮೀನು ಹೊಡೆದು ನಾನು ಮೇಲೆ ಬಂದ ಕ್ಷಣ ಅವನು ಕೊಕ್ಕೆಯನ್ನು ಗನ್ನಿನ ಹಿಡಿಗೆ ಸಿಕ್ಕಿಸುತ್ತಾನೆ. ಆಮೇಲೆ ಎಳೆದಾಟವೆಲ್ಲ ಬೆಂಡಿನದು. ಒಬ್ಬ ಕೆಳಗಿದ್ದರೆ ಒಬ್ಬ ಮೇಲೆ ಇರಲೇಬೇಕು. ಇಬ್ಬರೂ ಒಟ್ಟಿಗೆ ಮುಳುಗಿದರೆ ಈ ಏರ್ಪಾಟಿಗೆ ಅರ್ಥವಿಲ್ಲ. ಟ್ಯಾಂಕ್ ಹೊತ್ತು ಇಳಿಯುವವರ ಲೆಕ್ಕ ಬೇರೆ, ಅದನ್ನು ಅವರೇ ಬರೆಯಲಿ.

ಹೊಸಬರು ಕೇಳುತ್ತಾರೆ, ಒಂದಕ್ಕೆ ಮಾತ್ರ ದುಡ್ಡಿದೆ, ಯಾವುದು ತಗೊಳ್ಳಲಿ ಅಂತ. ಬೆಂಡು ತಗೊಳ್ಳಿ. ಮೊದಲ ಎರಡು ವರ್ಷ ರಿಗ್ಗಿನ ಒಳಗೆ ಹೋಗಬೇಡಿ.