ಶಸ್ತ್ರಚಿಕಿತ್ಸೆಗೆ ಮೊದಲು ಹಾಗೂ ನಂತರ ಬೆಕ್ಕಿನ ಆರೈಕೆ

ಭೂತನಾಳ, ಟಿಕೋಟಾ, ಬಬಲೇಶ್ವರ ಭಾಗದಲ್ಲಿ ಬಿಳಿಜೋಳ ಮನೆ ಸೇರಿದೊಡನೆ ಇಲಿಗಳ ಕಾಟವೂ ಹೆಚ್ಚುತ್ತದೆ. ಚೀಲ ಕಾಯಲು ಬೆಕ್ಕು ಬೇಕು. ಆದರೆ ಹೆಣ್ಣು ಬೆಕ್ಕು ಸುಮಾರು 65 ದಿನಗಳಲ್ಲಿ ಈಯುತ್ತದೆ. ವರ್ಷಕ್ಕೆ ಎರಡು ಮೂರು ಸೂಲು ಸಾಮಾನ್ಯ. ಕಣಿಕೆ ಬಣವೆಯಲ್ಲಿ ಹುಟ್ಟಿದ ಮರಿಗಳು ನಾಯಿಗಳ ಪಾಲಾಗುತ್ತವೆ. ಆದುದರಿಂದ ಐದು ತಿಂಗಳ ಸುಮಾರಿಗೆ, ಮೊದಲ ಗಬ್ಬಕ್ಕೆ ಮುಂಚೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು. ಆಮೇಲೆ ಬೆಕ್ಕು ಇಲಿ ಹಿಡಿಯುವುದಿಲ್ಲವೆಂಬ ಮಾತನ್ನು ನಂಬಬೇಡಿ. ಬೇಟೆ ಅದರ ಹುಟ್ಟುಗುಣ.

ಈ ಸೌಲಭ್ಯ ಎಲ್ಲ ಪಶು ಆಸ್ಪತ್ರೆಗಳಲ್ಲೂ ಇರುವುದಿಲ್ಲ, ಮೊದಲೇ ವಿಚಾರಿಸಿರಿ. ಸುಗ್ಗಿಯ ದಿನಗಳು ಬೇಡ. ಹತ್ತು ಹದಿನೈದು ದಿನ ಮನೆಯಲ್ಲಿ ಒಬ್ಬರಾದರೂ ಬೆಕ್ಕಿನ ಮೇಲೆ ಕಣ್ಣಿಡುವಂತಿರಬೇಕು.

ವೈದ್ಯರಿಗೆ ಮುಚ್ಚಿಡದೆ ಹೇಳಬೇಕಾದ ಒಂದು ಸಂಗತಿಯಿದೆ. ಬ್ರೋಮಾಡಿಯೋಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡಿ ಇಲಿಯನ್ನು ಕೊಲ್ಲುವ ವಿಷ. ಅದನ್ನು ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ಓಡಾಡುತ್ತದೆ. ಅಂಥ ಇಲಿಯನ್ನು ತಿಂದ ಬೆಕ್ಕಿಗೂ ವಿಷವೇರಿ, ಕತ್ತರಿ ಹಾಕಿದಾಗ ರಕ್ತ ನಿಲ್ಲದಿರಬಹುದು. ಹಿಂದಿನ ಒಂದು ತಿಂಗಳಲ್ಲಿ ನಿಮ್ಮ ಮನೆಯಲ್ಲಾಗಲಿ ನೆರೆಹೊಲದಲ್ಲಾಗಲಿ ಇದನ್ನು ಇಟ್ಟಿದ್ದರೆ ತಿಳಿಸಿರಿ. ವೈದ್ಯರು ದಿನ ಮುಂದೂಡಬಹುದು, ಇಲ್ಲವೆ 'ಕೆ' ಜೀವಸತ್ವ ಕೊಡಬಹುದು.

ಬೆಳಿಗ್ಗೆ ಶಸ್ತ್ರಚಿಕಿತ್ಸೆಯಿದ್ದರೆ ಹಿಂದಿನ ರಾತ್ರಿ 10 ಗಂಟೆಯ ನಂತರ ಊಟ, ಹಾಲು ಕೊಡಕೂಡದು, ನೀರು ಇರಲಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಬೆಕ್ಕನ್ನು ಹೊರಗೆ ಬಿಟ್ಟು ಉಪವಾಸ ಹಾಕಿದ್ದೇವೆಂದರೆ ಅರ್ಥವಿಲ್ಲ, ಅದು ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ! ಸಂಜೆಯೇ ಇಲಿಯಿಲ್ಲದ ಕೋಣೆಯಲ್ಲಿ ಕೂಡಿಹಾಕಿರಿ. ಎಳೆಯ ಮರಿಗೆ ಇಷ್ಟು ಹೊತ್ತಿನ ಉಪವಾಸ ಒಗ್ಗದು. ವೈದ್ಯರು ಹೇಳಿದಷ್ಟೇ ಸಾಕು. ಗೋಣಿಚೀಲದಲ್ಲಿ ಕಟ್ಟಿ ಒಯ್ಯದೆ, ಮುಚ್ಚಳವಿರುವ ಬುಟ್ಟಿಯಲ್ಲಿ ಹಳೆಯ ಧೋತರ ಹಾಸಿ ಒಯ್ಯಿರಿ.

ಮನೆಗೆ ತಂದ ಮೇಲೆ ನೆಲದ ಮೇಲೆಯೇ, ಮಬ್ಬು ಬೆಳಕಿನಲ್ಲಿ, ಒಲೆ ಮತ್ತು ನೀರಿನ ತೊಟ್ಟಿಯಿಂದ ದೂರ ಮಲಗಿಸಿರಿ. ಅರಿವಳಿಕೆಯಿಂದ ಮೈ ತಣ್ಣಗಾಗುವುದರಿಂದ ಕಂಬಳಿ ಹಾಸಬೇಕು, ಬಿಸಿಲಿಗೆ ಹಾಕಬಾರದು. ಎದ್ದು ನೆಟ್ಟಗೆ ನಿಂತ ಮೇಲೆ ಸ್ವಲ್ಪ ನೀರು, ಆನಂತರ ಅರ್ಧ ಊಟ. ಅಮಲಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚೀತು. ಕಚ್ಚಿದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ದವಾಖಾನೆಗೆ ಹೋಗಿರಿ.

ನರಳುತ್ತದೆಂದು ಕನಿಕರಪಟ್ಟು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಅರ್ಧ ಗುಳಿಗೆಯೂ ಬೆಕ್ಕನ್ನು ಕೊಲ್ಲಬಲ್ಲದು. ನಮ್ಮ ಯಕೃತ್ತು ಅರಗಿಸುವ ಈ ಔಷಧಿಯನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು. ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರು ಕಟ್ಟುತ್ತದೆ. ಫಿನೈಲ್ ಹಾಗೂ ದನಗಳ ಉಣ್ಣೆಗೆ ಹಚ್ಚುವ ಔಷಧಿ ಗಾಯದ ಹತ್ತಿರವೂ ಬರಕೂಡದು, ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕುತ್ತದೆ. ನೋವಿಗೆ ವೈದ್ಯರು ಕೊಟ್ಟದ್ದು ಮಾತ್ರ.

ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಅಗಲವಾದ ಪ್ಲಾಸ್ಟಿಕ್ ತಡೆ ಕಟ್ಟುತ್ತಾರೆ. ಬೆಕ್ಕು ಎಷ್ಟೇ ಕೂಗಿದರೂ ಬಿಚ್ಚಬೇಡಿ. ಮಲಮೂತ್ರಕ್ಕೆ ಮಣ್ಣಿನ ಬದಲು ಹರಿದ ಹಳೆಯ ಪತ್ರಿಕೆ ಹಾಕಿರಿ. ಗಾಯವನ್ನು ದಿನಕ್ಕೆರಡು ಸಲ ನೋಡಿರಿ. ಒಂದು ದಿನ ಕಳೆದರೂ ತಿನ್ನದಿದ್ದರೆ, ಒಸಡು ಬಿಳಿಚಿದರೆ, ರಕ್ತ ಅಥವಾ ಕೀವು ಕಂಡರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಗಂಡು ಬೆಕ್ಕಿನ ಗಾಯ ಚಿಕ್ಕದು, ಬೇಗ ಮಾಯುತ್ತದೆ.

ಹೆಣ್ಣು ಬೆಕ್ಕಿನ ಹೊಲಿಗೆಯನ್ನು 10ರಿಂದ 14 ದಿನಗಳಲ್ಲಿ ಬಿಚ್ಚಿಸಿ, ಆಮೇಲೆಯೇ ಅಟ್ಟಕ್ಕೂ ಕಾಳಿನ ಕೋಣೆಗೂ ಬಿಡಿರಿ. ಅಲ್ಲಿ ಉಳಿದಿರುವ ವಿಷದ ಬಿಲ್ಲೆಗಳನ್ನು ಅದಕ್ಕೆ ಮೊದಲು ಹೆಕ್ಕಿ ತೆಗೆದಿರಬೇಕು.