ನೀರು ಕೇಳಲು ಹೊರಟವರಿಗೆ

ಪಂಚಾಯಿತಿ ಮುಂದೆ ಖಾಲಿ ಕೊಡ ಇಟ್ಟು ಕೂರುತ್ತೇವೆ ಅಂತ ಹೊರಟಿದ್ದೀರಿ. ಕೂರಿ ಹುಡುಗರಾ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಊರಿನ ಒಂದೊಂದು ಕೊಳವೆಬಾವಿಯ ನೀರನ್ನೂ ಬೇರೆ ಬೇರೆ ಬಾಟಲಿಗೆ ಹಿಡಿದು, ಜಾಗ, ತಾರೀಖು ಬರೆದು ಪರೀಕ್ಷೆಗೆ ಕಳಿಸಿ. ಪ್ಲಾಸ್ಟಿಕ್ ಬಾಟಲಿಯೇ ಆಗಲಿ, ಫ್ಲೋರೈಡ್ ನೋಡಲು ಗಾಜಿನದು ಸರಿಹೋಗದು.

ನಮ್ಮ ಪಾವಗಡದ ಕಡೆ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಬಂಡೆಯೊಳಗಿಂದ ಕರಗಿ ಬರುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ಸರ್ಕಾರದ್ದೇ ಮಾನದಂಡ. ಅದು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಂದು ಕಲೆ ಎಷ್ಟು ಉಜ್ಜಿದರೂ ಹೋಗದು. ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಬಿಗಿಯುತ್ತವೆ. ಕಾಯಿಸಿ ಕುಡಿಯಿರಿ ಅಂತ ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ.

ಪರೀಕ್ಷೆಯ ವರದಿ ಕೈಯಲ್ಲಿದ್ದರೆ ದನಿ ಬೇರೆಯಾಗುತ್ತದೆ. 'ನೀರು ಕೊಡಿ ಸ್ವಾಮಿ' ಅನ್ನುವವರನ್ನು ನಾಳೆ ಬಾ ಅನ್ನಬಹುದು. ಇಂಥ ಬೋರಿನಲ್ಲಿ ಇಷ್ಟು ಫ್ಲೋರೈಡ್ ಇದೆ ಅನ್ನುವವರಿಗೆ ಬರೆದು ಉತ್ತರ ಕೊಡಬೇಕಾಗುತ್ತದೆ. ಆ ವರದಿಯನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ, ಪ್ರತಿ ಕೇಳಿ ಪಡೆಯಿರಿ. ಬಾಯಿಮಾತಿನ ಭರವಸೆ ಪಿಡಿಒ ವರ್ಗವಾದ ದಿನವೇ ಅವರ ಜೊತೆ ಹೋಗುತ್ತದೆ. ಕೇಳಲು ಸಂಕೋಚ ಬೇಡ. ಮಾಲಿನ್ಯವಿಲ್ಲದ ನೀರು ಬದುಕುವ ಹಕ್ಕಿನೊಳಗೇ ಸೇರಿದೆ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಅಂದಿದೆ, ಅದೂ ಗುಣಮಟ್ಟದ ನೀರು. ನಲ್ಲಿ ಹಾಕಿದ್ದೇವಲ್ಲ ಅಂದರೆ ಆ ಮಾತು ನೆನಪಿಸಿ.

ಶುದ್ಧ ನೀರಿನ ಘಟಕ ಮಂಜೂರಾಯಿತು ಅಂದಾಗ ಚಪ್ಪಾಳೆ ತಟ್ಟುವ ಆತುರ ಬೇಡ. ಮೆಂಬರೇನ್ ಬದಲಿಸುವ ದುಡ್ಡು ಯಾರದು? ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ? ಹೊರಬಿಡುವ ಸವುಳು ನೀರು ಯಾರ ಹೊಲಕ್ಕೆ? ಟೇಪು ಕತ್ತರಿಸಿದ ಮೇಲೆ ಬೀಗ ಬಿದ್ದ ಘಟಕಗಳನ್ನು ನೀವೂ ನೋಡಿದ್ದೀರಿ. ಐದು ರೂಪಾಯಿ ನಾಣ್ಯಕ್ಕೆ ಸಿಗುತ್ತಿದ್ದ ಕ್ಯಾನಿಗೆ ಆಮೇಲೆ ಟೆಂಪೋದವನು ಹೇಳಿದ್ದೇ ರೇಟು. ಕೂಲಿ ಮಾಡಿ ಉಣ್ಣುವವರು ಮತ್ತೆ ಬೋರಿಗೇ ಹೋಗುತ್ತಾರೆ.

ಘಟಕ ಎಲ್ಲಿ ಕೂರುತ್ತದೆ ಅನ್ನುವುದನ್ನೂ ನೋಡಿ. ಗುಡಿ ಮಗ್ಗುಲಲ್ಲೇ ಆಗಲಿ ಅಂತ ದೊಡ್ಡವರು ಅಂದರೆ, ದಲಿತ ಕಾಲೋನಿಯವರು ಅಲ್ಲಿ ಸಲೀಸಾಗಿ ಕ್ಯಾನ್ ಇಡುತ್ತಾರಾ ಅಂತ ಎಲ್ಲರೆದುರು ಕೇಳಿ. ಅಂಬೇಡ್ಕರ್ 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದು ಬಾಯಾರಿಕೆಗಷ್ಟೇ ಅಲ್ಲವಲ್ಲ.

ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತಿದೆ. ಹೆಸರು ಬರೆಸಿ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡರೆ ಸಾಲದು. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಮಾತ್ರ ಕರೆಯಬೇಡಿ. ಯಾವ ನಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಗೊತ್ತಿರುವವರೆಲ್ಲ ಆಗ ಕೂಲಿಗೆ ಹೋಗಿರುತ್ತಾರೆ.