ಲೆಕ್ಕಕ್ಕೆ ಕೂಡುವ ಮೊದಲು ಬೆನ್ನಿನ ವಿಚಾರ

ಗಣಿತ ಕಲಿಸಲು ಹೊಸದಾಗಿ ಬಂದ ಶಿಕ್ಷಕರಿಗೂ, ಸಂಜೆ ಮನೆಯಲ್ಲಿ ಮಕ್ಕಳನ್ನು ಅಭ್ಯಾಸಕ್ಕೆ ಕೂಡಿಸುವ ಪಾಲಕರಿಗೂ ಈ ಮಾತು. ಮಗು ಲೆಕ್ಕ ತಪ್ಪಿದಾಗ ನಾವು ಅದರ ಪಾಟಿ ನೋಡುತ್ತೇವೆ, ಮಗ್ಗಿ ಕೇಳುತ್ತೇವೆ. ಅದು ಹೇಗೆ ಕೂತಿದೆ ಎಂಬುದನ್ನು ನೋಡುವುದು ಕಡಿಮೆ. ಅದನ್ನೂ ನೋಡಬೇಕು. ಯಾಕೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ನೀವೇ ಒಂದು ಪ್ರಯೋಗ ಮಾಡಿ. ಬೆನ್ನು ಬಾಗಿಸಿ, ಭುಜ ಇಳಿಬಿಟ್ಟು, ನೆಲ ನೋಡುತ್ತ ಕೂತುಕೊಳ್ಳಿ. 964ರಿಂದ ಏಳೇಳು ಕಳೆಯುತ್ತ ಹೋಗಿ: 957, 950, 943, 936... ಅರ್ಧ ನಿಮಿಷ ಸಾಕು. ಈಗ ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ನೋಡುತ್ತ 834ರಿಂದ ಅದೇ ರೀತಿ ಕಳೆಯಿರಿ: 827, 820, 813... ಯಾವುದು ಕಠಿಣ ಅನಿಸಿತು? ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ಎರಿಕ್ ಪೆಪರ್ ಮತ್ತು ಸಂಗಡಿಗರು 125 ವಿದ್ಯಾರ್ಥಿಗಳಿಂದ ಇದನ್ನೇ ಮಾಡಿಸಿ 2018ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮಂದಿ ಮೊದಲು ಬಾಗಿ ಕೂತರು, ಉಳಿದವರು ಮೊದಲು ನೆಟ್ಟಗೆ ಕೂತರು; ಆಮೇಲೆ ಅದಲುಬದಲು. ಬಾಗಿ ಕೂತಾಗ ಲೆಕ್ಕದ ಕಷ್ಟಕ್ಕೆ ಅವರು ಕೊಟ್ಟ ಅಂಕದ ಸರಾಸರಿ 6.2, ನೆಟ್ಟಗೆ ಕೂತಾಗ 4.9. ನಮಗೆ ಮುಖ್ಯವಾದದ್ದು ಇದರ ಒಳಗಿನ ವಿವರ. ಗಣಿತದ ಅಂಜಿಕೆ ಹೆಚ್ಚಿದ್ದವರಲ್ಲಿ, ಪರೀಕ್ಷೆಯಲ್ಲಿ ತಲೆ ಖಾಲಿಯಾಗುತ್ತದೆ ಎನ್ನುವವರಲ್ಲಿ ಈ ಅಂತರ ದೊಡ್ಡದು: 7.0 ಮತ್ತು 4.8. ಅಂಜಿಕೆ ತೀರ ಕಡಿಮೆ ಇದ್ದವರಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಇದನ್ನು ಸರಿಯಾಗಿ ಓದಿಕೊಳ್ಳಬೇಕು. ಈ ಅಂಕಗಳು ವಿದ್ಯಾರ್ಥಿಗಳಿಗೆ ಲೆಕ್ಕ ಎಷ್ಟು ಕಷ್ಟ ಅನಿಸಿತು ಎಂಬುದನ್ನು ಹೇಳುತ್ತವೆ. ಎಷ್ಟು ಉತ್ತರ ಸರಿ ಬಂದವು ಎಂಬುದನ್ನಲ್ಲ. ಏಳರ ಮಗ್ಗಿ ಬಾರದ ಮಗುವಿಗೆ ನೆಟ್ಟಗೆ ಕೂತ ಮಾತ್ರಕ್ಕೆ ಅದು ಬಂದುಬಿಡುವುದಿಲ್ಲ. ಆದರೆ ಮಗ್ಗಿ ಬಂದರೂ ಹಲಗೆಯ ಮುಂದೆ ಮರೆತುಹೋಗುವ ಮಗುವಿದೆಯಲ್ಲ, ಅದಕ್ಕೆ ಈ ಸಣ್ಣ ಬದಲಾವಣೆ ಆಸರೆಯಾಗಬಲ್ಲದು.

ಕಾರಣ ಏನಿರಬಹುದು? ಲೆಕ್ಕ ಮಾಡುವಾಗ ಸಂಖ್ಯೆಗಳನ್ನು ಕೆಲ ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ದಶಕ ಇಷ್ಟು, ಕೈಯಲ್ಲಿ ಉಳಿದದ್ದು ಇಷ್ಟು ಎಂದು ನೆನಪಿರಬೇಕು. ಆ ಜಾಗ ಬಹಳ ಚಿಕ್ಕದು. ‘ನನಗ ಬರೂದಿಲ್ಲ, ಎಲ್ಲಾರೂ ನಗ್ತಾರ’ ಎಂಬ ಚಿಂತೆ ಹೊಕ್ಕರೆ ಸಂಖ್ಯೆಗಳಿಗೆ ಅಲ್ಲಿ ಎಡೆಯಿರುವುದಿಲ್ಲ. ಗಣಿತದ ಅಂಜಿಕೆ ಈ ಜಾಗವನ್ನೇ ಕಬಳಿಸುತ್ತದೆ ಎಂದು ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದರು. ಮುದುಡಿ ಕೂತಾಗ ಹೊಟ್ಟೆ ಒತ್ತಿ ಉಸಿರು ಮೇಲುಮೇಲಕ್ಕೇ ಆಡುತ್ತದೆ. ಸೋತಾಗ, ಹೆದರಿದಾಗ ಮೈ ತಾಳುವ ಭಂಗಿಯೂ ಅದೇ. ನೆಟ್ಟಗೆ ಕೂತರೆ ಉಸಿರಿಗೆ ದಾರಿಯಾಗುತ್ತದೆ, ಕಣ್ಣು ಹಲಗೆಗೆ ಸಿಗುತ್ತದೆ.

ಹಾಗೆಂದು ‘ನೆಟ್ಟಗ ಕೂಡು’ ಎಂದು ಗದರಬೇಡಿ. ಗದರಿದರೆ ಅಂಜಿಕೆಯೇ ಹೆಚ್ಚುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಮಗು ಬಾಗುವುದಕ್ಕೆ ಬಹಳ ಸಲ ಜಾಗವೇ ಕಾರಣ. ನೆಲದ ಮೇಲೆ ವಹಿ ಇಟ್ಟು ಬರೆದರೆ ಬೆನ್ನು ಬಾಗಲೇಬೇಕು. ಹುಬ್ಬಳ್ಳಿಯ ಹಳೆಯ ದಲಾಲಿ ಅಂಗಡಿಗಳಲ್ಲಿ ಗುಮಾಸ್ತರು ಗಾದಿಯ ಮೇಲೆ ಕೂತು, ಮುಂದೆ ಇಳಿಜಾರಿನ ಮರದ ಡೆಸ್ಕು ಇಟ್ಟುಕೊಂಡು ಕಿರ್ದಿ ಬರೆಯುತ್ತಿದ್ದರು. ಅದೇ ಉಪಾಯ ಮನೆಯಲ್ಲೂ ನಡೆಯುತ್ತದೆ. ನೆಲಕ್ಕೆ ಕೂಡುವ ಮಗುವಿಗೆ ಗಿಡ್ಡ ಮಣೆಯನ್ನೋ ಗಟ್ಟಿ ಪೆಟ್ಟಿಗೆಯನ್ನೋ ಮುಂದಿಡಿ. ಬೆಂಚಿನ ಮೇಲೆ ಕೂಡುವ ಮಗುವಿನ ಪಾದ ಜೋತಾಡದೆ ಊರಲಿ. ಬೆಳಕು ಬರೆಯುವ ಕೈಯ ಎದುರು ಬದಿಯಿಂದ ಬರಲಿ. ಬಹಳ ಹೊತ್ತು ಒಂದೇ ಭಂಗಿ ಬೇಡ; ನಡುವೆ ಎಬ್ಬಿಸಿ, ಹಲಗೆಯ ಮುಂದೆ ನಿಂತು ಬಿಡಿಸಲು ಹೇಳಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ–ಕಲಿ ಪದ್ಧತಿಯ ಕೋಣೆಗಳಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಬಳಿದಿರುವುದು ನಿಂತು ಬರೆಯಲಿಕ್ಕೂ ಅನುಕೂಲ.

ಕೈಗಳನ್ನೂ ಕಟ್ಟಿಹಾಕಬೇಡಿ. ಬೆರಳ ಗೆಣ್ಣು ಎಣಿಸುವ ಮಗುವನ್ನು ಬೈಯಬೇಡಿ. 3 + 4 + 5 ಒಂದು ಕಡೆ, ಏನೋ ಒಂದು + 5 ಇನ್ನೊಂದು ಕಡೆ. ಎರಡೂ ಸಮ ಆಗಬೇಕು. ಇಂಥ ಲೆಕ್ಕ ಕಲಿಯುವಾಗ ಎಡಗಡೆಗೊಮ್ಮೆ ಬಲಗಡೆಗೊಮ್ಮೆ ಕೈ ಆಡಿಸಿದ ಮಕ್ಕಳಲ್ಲಿ ಆ ಪಾಠ ವಾರಗಳಾಚೆಗೂ ಉಳಿಯಿತು ಎಂದು ಸೂಸನ್ ಗೋಲ್ಡಿನ್–ಮೆಡೋ ಅವರ ತಂಡ 2008ರಲ್ಲಿ ಕಂಡುಕೊಂಡಿತು.

ಇನ್ನು ಇಡೀ ಮೈಯಿಂದ ಮಾಡುವ ಪಾಠ. ಹುಬ್ಬಳ್ಳಿಯ ಬೆಂಗೇರಿಯವರಾದ ನಮಗೆ ಇದಕ್ಕೆ ಬೇಕಾದ ಸಾಮಗ್ರಿ ಊರಲ್ಲೇ ಇದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುವುದು ಇಲ್ಲಿಯೇ. ಧ್ವಜಕ್ಕೆ ನಿಗದಿಯಾದ ಅಳತೆ ಒಂಬತ್ತು. ಅತಿ ಚಿಕ್ಕದು 150 ಮಿ.ಮೀ. ಉದ್ದ, 100 ಮಿ.ಮೀ. ಅಗಲ, ಅತಿ ದೊಡ್ಡದು 6300 ಮತ್ತು 4200. ಎರಡನ್ನೂ ಭಾಗಿಸಿ ನೋಡಿ, ಪ್ರಮಾಣ ಒಂದೇ: 3ಕ್ಕೆ 2.

ಶಾಲೆಯ ಅಂಗಳದಲ್ಲಿ 3 ಮೀಟರ್ ಉದ್ದ, 2 ಮೀಟರ್ ಅಗಲದ ಆಯತವನ್ನು ಮಕ್ಕಳೇ ಹಗ್ಗ ಹಿಡಿದು ಎಳೆಯಲಿ. ಎರಡೂ ಕರ್ಣ ಅಳೆಯಲಿ. ಸಮ ಬರದಿದ್ದರೆ ಮೂಲೆ ಸರಿಯಿಲ್ಲ. ಆಮೇಲೆ ಪಕ್ಕದಲ್ಲಿ ಗೂಟ ನೆಟ್ಟು ದೊಡ್ಡ ವೃತ್ತ ಎಳೆಯಿರಿ. ಅಶೋಕ ಚಕ್ರಕ್ಕೆ ಕಡ್ಡಿ 24, ಮಕ್ಕಳೂ 24. ಮೊದಲು ನಾಲ್ಕು ದಿಕ್ಕಿಗೆ ನಾಲ್ವರು ನಿಲ್ಲಲಿ. ಈಗ ಕೇಳಿ: ಇಬ್ಬರ ನಡುವೆ ಎಷ್ಟು ಮಂದಿ ನಿಲ್ಲಬೇಕು? ಆರು ಎಂದು ಕೂಗುವವರು ಇರುತ್ತಾರೆ. ನಿಂತು ನೋಡಲಿ, ಆರು ಮಂದಿ ನಿಂತರೆ ಒಟ್ಟು 28 ಆಗುತ್ತದೆ. ಐವರು ನಿಂತರೆ 24 ಸರಿಹೋಗುತ್ತದೆ, ಆದರೆ ನಡುವಿನ ಸಂದುಗಳು ಆರು! 90 ಅಂಶವನ್ನು ಆರಕ್ಕೆ ಹಂಚಿದರೆ 15. ಕಡ್ಡಿಯಿಂದ ಕಡ್ಡಿಗೆ 15 ಅಂಶ ಎಂಬುದನ್ನು ಕಾಲಿನ ಮೇಲೆ ನಿಂತು ಕಂಡುಕೊಂಡ ಮಗುವಿಗೆ ಅದನ್ನು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ.

ಹೊಸಬರಿಗೆ ನನ್ನ ಕೋರಿಕೆ ಇಷ್ಟೇ. ‘ಈ ಹುಡುಗನ ತಲೆಗೆ ಲೆಕ್ಕ ಹತ್ತೂದಿಲ್ಲ’ ಎಂಬ ತೀರ್ಪು ಕೊಡುವ ಮೊದಲು ಅವನ ಜಾಗ ಸರಿಮಾಡಿ, ಪಾದ ಊರಿಸಿ, ತಲೆ ಎತ್ತಿ ಎರಡು ಸಲ ನಿಧಾನಕ್ಕೆ ಉಸಿರಾಡಲು ಹೇಳಿ. ನೀವೂ ಪಕ್ಕದಲ್ಲಿ ಹಾಗೆಯೇ ಕೂತುಕೊಳ್ಳಿ. ಅದೇ ಲೆಕ್ಕವನ್ನು ಮೃದುವಾಗಿ ಇನ್ನೊಮ್ಮೆ ಕೇಳಿ. ಆಗಲೂ ಬಾರದಿದ್ದರೆ ಎಲ್ಲಿ ಎಡವಿದ ಎಂದು ಹುಡುಕಿ ಕಲಿಸುವುದು ನಮ್ಮ ಕೆಲಸ. ಅಂಜಿಕೆಯಿಂದ ನಿಂತುಹೋದ ಮಗುವನ್ನು ದಡ್ಡ ಎನ್ನುವ ಹಕ್ಕು ಮಾತ್ರ ಯಾರಿಗೂ ಇಲ್ಲ.